ಒಡಪಿನ ವಿಡಿಯೊ

ದುರ್ಗವ್ವ ಗಂಡನ ಹೆಸರು ಹಿಡಿದು ಹೇಳಿದವಳೇ ಅಲ್ಲ. ಹಳಿಯಾಳದಲ್ಲಿ ತಂಗಿಯ ಬಸುರಿ ಮಗಳ ಕುಬಸದ ದಿನ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು ಕಾಡಿದ್ದಕ್ಕೆ ಒಂದೇ ಒಂದು ಸಲ ಅವನ ಹೆಸರು ಸೇರಿಸಿ ಒಡಪು ಕಟ್ಟಿ ಹೇಳಿದ್ದಳು: "ಕಾಳಿ ಹೊಳಿ ದಂಡ್ಯಾಗ ಕಾಗದದ ಗಿರಣಿ, ಮುದಕಪ್ಪ ರಾಯರಿಗೆ ನಾನೊಬ್ಬಾಕಿ ರಾಣಿ!"

ಮುದಕಪ್ಪ ಅದನ್ನು ವಿಡಿಯೊ ಮಾಡಿಟ್ಟುಕೊಂಡಿದ್ದ. ದಾಂಡೇಲಿಯ ಗಿರಣಿಯಲ್ಲಿ ಪಾಳಿ ಮುಗಿಯುತ್ತಲೇ ಬಂಗೂರನಗರದ ಚಹಾ ಅಂಗಡಿಯಲ್ಲಿ ಕುಳಿತು ದಿನಾ ಅದನ್ನೇ ಹಚ್ಚುತ್ತಿದ್ದ. ಪಕ್ಕದವರಿಗೆ ಬೇಕೋ ಬೇಡವೋ, ಕೇಳಿಸುತ್ತಿದ್ದ. ಅವನ ಜಂಬ ಕೇಳುವುದೇ ಬೇಡ.

ವಿಡಿಯೊ ದುರ್ಗವ್ವನ ಫೋನಿನಲ್ಲೂ ತಾನಾಗಿ ಬಂದು ಕೂತಿತ್ತು. ಅವಳಿಗೆ ನಾಚಿಕೆ.

"ಅಳಿಸಿಬಿಡ್ಲೇನ್ರಿ?"

"ಅಳಿಸು. ಕಸದಬುಟ್ಟಿಯಿಂದಾನೂ ತೆಗಿ, ಜಾಗಾ ಆಗ್ತೈತಿ. ನಂದು ನನ್ನ ಹತ್ರ ಇರ್ತೈತಿ" ಎಂದು ಮುದಕಪ್ಪ ಎಲ್ಲ ತಿಳಿದವನ ಹಾಗೆ ಹೇಳಿದ.

ಮರುದಿನ ಚಹಾ ಬಂತು, ಫೋನಿನಲ್ಲಿ ವಿಡಿಯೊ ಇರಲಿಲ್ಲ. ಎರಡೂ ಫೋನಿಗೆ ಒಂದೇ ಖಾತೆ ಹಾಕಿಕೊಟ್ಟಿದ್ದ ಮೊಬೈಲ್ ಅಂಗಡಿಯ ಸಚಿನನ ಬಳಿಗೆ ಓಡಿದ.

"ಕಾಕಾ, ನಿಮ್ದು ಸಿಂಕ್ ಐತಿ. ಕಾಕು ಅಲ್ಲಿ ಅಳಿಸಿದ್ರ ನಿಮ್ಮಲ್ಲೂ ಹೋಗ್ತೈತಿ. ಆನ್‌ಲೈನ್ ಸ್ಟೋರೇಜ್‌ನಾಗ ಬ್ಯಾರೆ ಒಂದು ಪ್ರತಿ ಇಟ್ಟಿದ್ರ ಉಳೀತಿತ್ತು. ಅದು ಟ್ರಂಕ್ ಇದ್ದಂಗ, ನೀವ ಇಡಬೇಕು, ನೀವ ತೆಗೀಬೇಕು."

"ಮತ್ತ ನಾವು ಫೋನಿನಾಗ ಹಾಡು ಕೇಳ್ತೇವಲ್ಲ, ಅದೂ ಟ್ರಂಕೇನು?"

"ಅದು ಸ್ಟ್ರೀಮಿಂಗ್ ರೀ. ಅವರು ಹಾಕೂತನಕ ಕೇಳೂದು. ಕೈಯಾಗ ಏನೂ ಉಳಿಯೂದಿಲ್ಲ."

ಫೋನಿನ ಕಸದಬುಟ್ಟಿಯೂ ಖಾಲಿಯಾಗಿತ್ತು. ಮುದಕಪ್ಪ ಅಂದು ಚಹಾ ಅಂಗಡಿಗೆ ಮರಳದೆ, ಮುಖ ಗಂಟಿಕ್ಕಿಕೊಂಡು ಸೀದಾ ಮನೆಗೆ ಬಂದ. ದುರ್ಗವ್ವ ರೊಟ್ಟಿ ಬಡಿಯುತ್ತಿದ್ದಳು.

"ಇವತ್ತೇನು ಇಷ್ಟ ಲಗೂ ಬಂದ್ರಿ?"

ಅವನು ಎಲ್ಲ ಹೇಳಿದ. ಅವಳು ಬೈಯುತ್ತಾಳೆ ಅಂದುಕೊಂಡಿದ್ದ, ಆದರೆ ಅವಳು ನಕ್ಕಳು.

"ದಿನಾ ಅಂಗಡ್ಯಾಗ ಕುಂತು ನನ್ನ ದನಿ ಕೇಳ್ತಿದ್ರಿ. ಇಲ್ಲಿ ನಾ ಒಬ್ಬಾಕಿನ ಗ್ವಾಡಿ ನೋಡಕೋತ ಕುಂದರತಿದ್ದೆ."

ಮುದಕಪ್ಪನಿಗೆ ನಾಚಿಕೆಯಾಯಿತು. ತಾಟು ಎಳೆದುಕೊಂಡು ಒಲೆಯ ಹತ್ತಿರವೇ ಕುಳಿತ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ, ಅವನ ಮುಖ ನೋಡದೆ ಶುರು ಮಾಡಿದಳು:

"ಹಂಚಿನ ಮ್ಯಾಲ ಉಬ್ಬೈತಿ ಬಿಸಿ ಬಿಸಿ ರೊಟ್ಟಿ..."

ಅವನ ಕೈ ತಟ್ಟನೆ ಜೇಬಿಗೆ ಹೋಯಿತು.

"ಫೋನ್ ಕೆಳಗಿಡ್ರಿ."

ಅವನು ಕೆಳಗಿಟ್ಟ.

"...ಮುದಕಪ್ಪ ರಾಯರು ಸಿಟ್ಟಾದ್ರ ನಾನೂ ಭಾಳ ಗಟ್ಟಿ!"

"ಇನ್ನೊಮ್ಮೆ ಹೇಳ" ಎಂದ ಮುದಕಪ್ಪ.

ಅವಳು ರೊಟ್ಟಿಯನ್ನು ಅವನ ತಾಟಿಗೆ ಹಾಕಿದಳು.

"ಮತ್ತ ಕೇಳಬೇಕಂದ್ರ ನಾಳೆನೂ ಲಗೂ ಬರ್ರಿ."