ನುಚ್ಚು ಯಾಕೆ ಗುರ್ರೆಂದಿತು?

ನುಚ್ಚು ಮರಿಯಾಗಿ ನಮ್ಮ ಹಿಟ್ಟಿನ ಗಿರಣಿಗೆ ಬಂದ ದಿನ ನಮ್ಮತ್ತೆ ಒಂದು ಮಾತು ಕೊಟ್ಟರು. ಗಿರಣಿಯ ಮುಂದೆ ಡಬ್ಬ, ಚೀಲ ಹಿಡಿದು ನಿಂತಿದ್ದವರಿಗೆಲ್ಲ ಕೇಳುವ ಹಾಗೆ ಕೊಟ್ಟರು.

“ಇಲ್ಲಿಗೆ ಹೆಂಗಸರು ಬರ್ತಾರೆ, ಮಕ್ಕಳು ಬರ್ತಾರೆ. ಈ ನಾಯಿ ಹಲ್ಲು ಯಾರ ಮೈಗಾದ್ರೂ ತಾಗಿದ ದಿನ ನಾನೇ ಇದನ್ನ ಗೋಣಿಚೀಲಕ್ಕೆ ಹಾಕಿ ಊರಾಚೆ ಬಿಟ್ಟು ಬರ್ತೀನಿ. ನನ್ನ ಮಾತು ಅಂದ್ರೆ ಮಾತು.”

ನಮ್ಮತ್ತೆಯ ಮಾತು ಎಂಥದ್ದು ಅಂತ ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಒಮ್ಮೆ “ಬೆಳಿಗ್ಗೆಗೆ ಹಿಟ್ಟು ರೆಡಿ” ಅಂದಿದ್ದರು. ಸಂಜೆ ಗಿರಣಿಯ ಬೆಲ್ಟ್ ಹರಿದುಹೋಯಿತು. ಬೇರೆಯವರಾದರೆ ನಾಳೆ ಬನ್ನಿ ಅಂತಿದ್ದರು. ಅತ್ತೆ ಆ ಗೋಧಿಯನ್ನು ತಲೆ ಮೇಲೆ ಹೊತ್ತು, ತಮಗೆ ಆಗದವರ ಗಿರಣಿಗೆ ಹೋಗಿ, ಸಾಲಿನಲ್ಲಿ ನಿಂತು ಬೀಸಿಸಿಕೊಂಡು ಬಂದರು. ಬೆಳಿಗ್ಗೆ ಹಿಟ್ಟು ರೆಡಿ. ಅಂಥ ಹೆಂಗಸು.

ಮರಿಗಳಲ್ಲೆಲ್ಲ ಸಣ್ಣದು, ಬಣ್ಣವೂ ಒಡೆದ ಅಕ್ಕಿಯ ಹಾಗೇ, ಅದಕ್ಕೇ ನುಚ್ಚು ಅಂತ ಹೆಸರಿಟ್ಟವಳು ನಮ್ಮ ಮಗಳು ಗುಬ್ಬಿ. ಗುಬ್ಬಿಗಿಂತ ಮೊದಲು ಗಿರಣಿ ಕೆಲಸ ಕಲಿತದ್ದು ನುಚ್ಚು. ಕಲ್ಲು ತಿರುಗುವಾಗ ಪಕ್ಕದಲ್ಲಿ ನಿಂತು ಕಿರುಚಿದರೂ ಕಿವಿಗೆ ಬೀಳುವುದಿಲ್ಲ. ಹಾಗಾಗಿ ಅಲ್ಲಿ ನಮ್ಮದೆಲ್ಲ ಕೈಸನ್ನೆ. ಮುಷ್ಟಿ ಹಿಡಿದರೆ ಮೋಟಾರು ನಿಲ್ಲಿಸು. ಬೆರಳು ಉಜ್ಜಿದರೆ ಇನ್ನೂ ಸಣ್ಣಗೆ ಬೀಸು. ನುಚ್ಚಿಗೂ ಹಾಗೇ: ಅಂಗೈ ಕೆಳಗೆ ಮಾಡಿದರೆ ಮಲಗು, ಬೆರಳು ಮಡಚಿದರೆ ಬಾ. ಒಂದು ಸಲ ತೋರಿಸಿದರೆ ಸಾಕು, ಎರಡನೇ ಸಲ ಇಲ್ಲ. ವರ್ಷಗಟ್ಟಲೆ ಯಾರಿಗೂ ಒಂದು ಗೀರು ಬಿದ್ದದ್ದಿಲ್ಲ.

ಆಮೇಲೆ ಇದ್ದಕ್ಕಿದ್ದ ಹಾಗೆ ನಾಯಿ ಬದಲಾಯಿತು.

ಮನೆಯಲ್ಲಿ ಕರೆದರೆ ಬರುವುದಿಲ್ಲ. ಮಂಚದ ಕೆಳಗೆ ಗೋಡೆಗೆ ಮುಖ ಮಾಡಿ ಮಲಗುತ್ತದೆ. ತಲೆ ಸವರಲು ಹೋದರೆ ಗುರ್ ಅನ್ನುತ್ತದೆ. ಆಗಾಗ ಎದ್ದು ತಲೆ ಒದರುತ್ತದೆ. ನಮಗಾದರೋ ಅದನ್ನು ಕೂತು ನೋಡುವ ಪುರುಸೊತ್ತು ಎಲ್ಲಿ? ಬೆಳಿಗ್ಗೆ ಮಗುವಿನ ಜಡೆ, ಊಟದ ಡಬ್ಬಿ, ಹಿಂದೆಯೇ ಗಿರಣಿ.

“ಕೊಬ್ಬು ಕಣೇ,” ಅಂದರು ಅತ್ತೆ. “ತಿಂದಿದ್ದು ಜಾಸ್ತಿಯಾಗಿದೆ.”

“ವಯಸ್ಸಾಯ್ತಲ್ಲಮ್ಮ ಅದಕ್ಕೆ,” ಅಂದರು ನಮ್ಮನೆಯವರು.

“ವಯಸ್ಸು ನನಗೂ ಆಗಿದೆ. ನಾನು ಗುರ್ ಅಂತೀನಾ?”

ನಮ್ಮನೆಯವರು ನನ್ನ ಮುಖ ನೋಡಿದರು. ನಾನು ಪಾತ್ರೆಯ ಮುಖ ನೋಡಿದೆ.

ಒಂದು ಭಾನುವಾರ ಗಿರಣಿಗೆ ರಜೆ. ನುಚ್ಚು ಜಗುಲಿಯಲ್ಲಿ ಮಲಗಿತ್ತು. ಗುಬ್ಬಿ ಹಿಂದಿನಿಂದ ಓಡಿಬಂದು ಅದರ ಕುತ್ತಿಗೆಗೆ ಬಿದ್ದಳು, ದಿನಾ ಬೀಳುವ ಹಾಗೆ. ನುಚ್ಚು ಬೆಚ್ಚಿ ತಿರುಗಿ ಬಾಯಿ ಹಾಕಿತು. ಮಗುವಿನ ಮುಂಗೈಯಲ್ಲಿ ಹಲ್ಲಿನ ಗುರುತು, ಸಣ್ಣಗೆ ರಕ್ತ.

“ಹಿಟ್ಟು ತಾ! ಹಿಟ್ಟು ಒತ್ತು, ರಕ್ತ ನಿಲ್ಲುತ್ತೆ!” ಅತ್ತೆ ಕೂಗಿದರು. ಗಿರಣಿಯವರಾದ ನಮಗೆ ಎಲ್ಲಕ್ಕೂ ಹಿಟ್ಟೇ ಔಷಧ. ಕೈ ಕೊಯ್ದರೆ ಹಿಟ್ಟು, ಸುಟ್ಟರೆ ಹಿಟ್ಟು.

“ಬೇಡ ಅತ್ತೆ. ನಾಯಿ ಕಚ್ಚಿದ್ದಕ್ಕೆ ಏನೂ ಮೆತ್ತಬಾರದಂತೆ, ಗುಬ್ಬಿ ಶಾಲೇಲಿ ಹೇಳಿದ್ರು.” ಮಗುವನ್ನು ಎತ್ತಿಕೊಂಡು ನಲ್ಲಿಯ ಕೆಳಗೆ ಕೈ ಹಿಡಿದೆ. ಸೋಪು ಹಚ್ಚಿ ಕಾಲು ಗಂಟೆ ತೊಳೆದೆ. ಗುಬ್ಬಿ ಅಳುತ್ತಲೇ ಇದ್ದಳು, ಆದರೆ ಕೈ ನೋವಿಗಲ್ಲ. “ಅಜ್ಜಿ ಮಾತು ಕೊಟ್ಟಿದ್ದಾರಲ್ಲಮ್ಮಾ! ನುಚ್ಚನ್ನ ಚೀಲಕ್ಕೆ ಹಾಕ್ತಾರೆ!”

ಅಲ್ಲಿಂದ ಸೀದಾ ಆಸ್ಪತ್ರೆ. ಡಾಕ್ಟರು ಗಾಯ ನೋಡಿ ಲಸಿಕೆ ಶುರು ಮಾಡಿದರು.

“ನಮ್ಮ ನಾಯಿಗೆ ವರ್ಷ ವರ್ಷ ಲಸಿಕೆ ಹಾಕಿಸ್ತೀವಿ ಸಾರ್,” ಅಂದರು ನಮ್ಮನೆಯವರು.

“ಒಳ್ಳೇದು ಮಾಡಿದ್ದೀರಿ. ಆದ್ರೂ ಮಗುವಿನ ಲಸಿಕೆ ಬಿಡೋ ಹಾಗಿಲ್ಲ. ಹೇಳಿದ ದಿನ ಕರ್ಕೊಂಡು ಬನ್ನಿ, ಒಂದೂ ತಪ್ಪಿಸಬೇಡಿ. ನಾಯಿನ ಹೊಡೀಬೇಡಿ, ಓಡಿಸಬೇಡಿ. ಕಟ್ಟಿಹಾಕಿ ಹತ್ತು ದಿನ ಕಣ್ಣಿಡಿ. ಮಗು ಹತ್ತಿರ ಹೋಗೋದು ಬೇಡ. ಪಶುವೈದ್ಯರಿಗೆ ಇವತ್ತೇ ತಿಳಿಸಿ.”

ಮನೆಗೆ ಬಂದಾಗ ಗಿರಣಿಯ ಬಾಗಿಲ ಮೊಳೆಗೆ ಖಾಲಿ ಗೋಣಿಚೀಲ ನೇತಾಡುತ್ತಿತ್ತು. ಡಾಕ್ಟರು ಹೇಳಿದ್ದನ್ನು ಅತ್ತೆಗೆ ಹೇಳಿದೆವು.

“ಹತ್ತು ದಿನ ಅಂದ್ರಾ? ಸರಿ, ಹತ್ತು ದಿನ. ಡಾಕ್ಟರ ಮಾತು ಮೀರಲ್ಲ. ಹನ್ನೊಂದನೇ ದಿನ ನನ್ನ ಮಾತು.”

“ಅಜ್ಜೀ, ಅದು ಬೇಕಂತ ಕಚ್ಚಿಲ್ಲ!”

“ಬೇಕಂತ ಕಚ್ಚಿದ್ರೂ ಹಲ್ಲೇ, ಬೇಡ ಅಂತ ಕಚ್ಚಿದ್ರೂ ಹಲ್ಲೇ ಕಂದಾ.”

ಮಾರನೆಯ ಬೆಳಿಗ್ಗೆ ಪಶು ಆಸ್ಪತ್ರೆಯ ಡಾಕ್ಟರಮ್ಮ ಬಂದರು. ಗಿರಣಿ ಓಡುತ್ತಿತ್ತು. ನುಚ್ಚು ಹಿಂದಿನ ಕಟ್ಟೆಯ ಹತ್ತಿರ ಸರಪಳಿಯಲ್ಲಿತ್ತು. ಬಂದ ಕೂಡಲೇ ಸೂಜಿ ತೆಗೆಯುತ್ತಾರೆ ಅಂದುಕೊಂಡಿದ್ದೆ. ಅವರು ನಾಯಿಯಿಂದ ದೂರದಲ್ಲಿ ಒಂದು ಮೂಟೆಯ ಮೇಲೆ ಕೂತು, ಕೆನ್ನೆಗೆ ಕೈ ಕೊಟ್ಟು ಅದನ್ನು ನೋಡುತ್ತಾ ಉಳಿದರು. ಮದುವೆಗೆ ಹೆಣ್ಣು ನೋಡುವವರೂ ಅಷ್ಟು ನೋಡುವುದಿಲ್ಲ. ನನಗೆ ಅವರ ಆ ತಾಳ್ಮೆ ಕಂಡು ಆಶ್ಚರ್ಯ. ಕಾದು ನೋಡುವುದೂ ಒಂದು ವಿದ್ಯೆ ಅಂತ ಅವತ್ತು ಗೊತ್ತಾಯಿತು.

ಆಮೇಲೆ ನಮ್ಮನ್ನು ಸದ್ದು ಕಮ್ಮಿಯಿದ್ದ ಆ ಕಟ್ಟೆಗೆ ಕರೆದು ಒಂದೊಂದೇ ಕೇಳಿದರು. ಅನ್ನ ತಿನ್ನುತ್ತಾ? ನೀರು ಕುಡಿಯುತ್ತಾ? ಜೊಲ್ಲು ಸುರಿಯುತ್ತಾ? ನಡೆಯುವಾಗ ತೂರಾಡುತ್ತಾ? ದನಿ ಬದಲಾಗಿದೆಯಾ?

“ತಿನ್ನುತ್ತೆ, ಕುಡಿಯುತ್ತೆ. ಆಗಾಗ ತಲೆ ಒದರುತ್ತೆ, ಮುಟ್ಟಿದ್ರೆ ಗುರ್ ಅನ್ನುತ್ತೆ. ಬೇರೇನೂ ಇಲ್ಲ,” ಅಂದೆ.

“ಒಳ್ಳೇದು. ಅಂಥದ್ದೇನಾದ್ರೂ ಕಂಡ್ರೆ ಮುಟ್ಟೋಕೆ ಹೋಗ್ಬೇಡಿ, ದೂರ ನಿಂತು ನಮ್ಮನ್ನ ಕರೀರಿ. ಇದು ಯಾವಾಗ್ಲೂ ಹೀಗೇ ಗುರ್ ಅನ್ನುತ್ತಾ?”

ಅತ್ತೆಗೆ ತಡೆಯಲಾಗಲಿಲ್ಲ. “ಅದೇ ನೋಡಿ ಇದರ ಕಳ್ಳಬುದ್ಧಿ! ಗಿರಣೀಲಿ ಇದ್ದಷ್ಟು ಹೊತ್ತು ಸಾಕ್ಷಾತ್ ಋಷಿ. ಹೇಳಿದ್ದೆಲ್ಲ ಮಾಡುತ್ತೆ. ಮನೆಗೆ ಹೋದ್ರೆ ಕರೆದ್ರೂ ತಿರುಗಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ!”

ಡಾಕ್ಟರಮ್ಮ ನೆಟ್ಟಗೆ ಕೂತರು. “ಗಿರಣೀಲಿ ಮಾತು ಕೇಳುತ್ತಾ? ಈ ಸದ್ದಲ್ಲಿ? ಹೇಗೆ ಹೇಳ್ತೀರಿ ಅದಕ್ಕೆ?”

ಅತ್ತೆ ಅಂಗೈ ಕೆಳಗೆ ಮಾಡಿ ತೋರಿಸಿದರು.

“ಸ್ವಲ್ಪ ಮೋಟಾರು ನಿಲ್ಲಿಸಿ,” ಅಂದರು ಡಾಕ್ಟರಮ್ಮ.

ನಮ್ಮನೆಯವರು ಮೋಟಾರು ನಿಲ್ಲಿಸಿದರು. ಕಲ್ಲು ತಿರುಗಿ ತಿರುಗಿ ನಿಂತಿತು. ಗೋಧಿ ಹಿಡಿದು ನಿಂತಿದ್ದ ಟೈಲರಣ್ಣ “ಏನಾಯ್ತು?” ಅಂತ ಇಣುಕಿದ.

“ಅಮ್ಮಾ, ಅದು ಆ ಕಡೆ ನೋಡ್ತಿರುವಾಗ ಹಿಂದಿನಿಂದ ಕರೀರಿ. ಹತ್ತಿರ ಹೋಗ್ಬೇಡಿ.”

“ನುಚ್ಚೂ!” ಅತ್ತೆಯ ಕೂಗು ಅಂದರೆ ಹಿಂದಿನ ಬೀದಿಯಲ್ಲಿ ಸೈಕಲ್ಲು ನಿಲ್ಲುತ್ತದೆ. ನಾಯಿಯ ಕಿವಿ ಅಲುಗಲಿಲ್ಲ. ಮತ್ತೆ ಕೂಗಿದರು. ಖಾಲಿ ಡಬ್ಬ ಬಡಿದರು. ಟೈಲರಣ್ಣ ಬೆಚ್ಚಿಬಿದ್ದ. ನುಚ್ಚು ಗೋಡೆ ನೋಡುತ್ತಾ ಕೂತೇ ಇತ್ತು.

“ಈಗ ಎದುರಿಗೆ ಬಂದು ಸನ್ನೆ ಮಾಡಿ.”

ಅತ್ತೆ ಸುತ್ತಿಕೊಂಡು ಎದುರಿಗೆ ಬಂದರು. ಕಂಡದ್ದೇ ತಡ, ನುಚ್ಚಿನ ಬಾಲ ನೆಲಕ್ಕೆ ಬಡಿಯತೊಡಗಿತು. ಅಂಗೈ ಕೆಳಗಾಯಿತು. ನುಚ್ಚು ಮಲಗಿತು.

ಅತ್ತೆಯ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು.

“ಇದಕ್ಕೆ ಕಿವಿ ಕೇಳಿಸ್ತಿಲ್ಲ,” ಅಂದರು ಡಾಕ್ಟರಮ್ಮ. “ಗಿರಣೀಲಿ ನೀವು ಕೈಯಲ್ಲಿ ಹೇಳ್ತೀರಿ, ಕಣ್ಣಲ್ಲಿ ನೋಡಿ ಮಾಡುತ್ತೆ. ಮನೇಲಿ ಬಾಯಲ್ಲಿ ಕರೀತೀರಿ. ಪಾಪ, ಕರೆದದ್ದೇ ಅದಕ್ಕೆ ಗೊತ್ತಿಲ್ಲ.”

ನಮ್ಮನೆಯವರ ಕೈಯಲ್ಲಿ ನಾಯಿಯನ್ನು ಹಿಡಿಸಿ, ಅದರ ಬಾಯಿಗೆ ಬಟ್ಟೆಯ ಪಟ್ಟಿ ಸುತ್ತಿದರು. “ನೋವಾದಾಗ ಎಂಥ ಸಾಧು ನಾಯಿಯೂ ಕಚ್ಚುತ್ತೆ,” ಅಂದರು. ಕೈಗವಸು ಹಾಕಿ, ಜೋತುಬಿದ್ದ ಕಿವಿಯನ್ನು ಮೆಲ್ಲಗೆ ಎತ್ತಿ ಬೆಳಕು ಬಿಟ್ಟರು. ನುಚ್ಚು ಇಡೀ ಮೈ ಮುದುಡಿ ನರಳಿತು. ಒಳಗೆಲ್ಲ ಕೆಂಪು. ಹಾರುವ ಹಿಟ್ಟು, ಗುಗ್ಗೆ, ಕೀವು ಸೇರಿ ಕಲಸಿದ ಹಾಗಿತ್ತು. ವಾಸನೆ ಬೇರೆ. ಇನ್ನೊಂದು ಕಿವಿಯೂ ಹಾಗೇ.

“ಎಷ್ಟು ದಿನದಿಂದ ಈ ನೋವು ತಡ್ಕೊಂಡಿದೆಯೋ! ಇದನ್ನ ಇಟ್ಕೊಂಡೇ ದಿನಾ ಗಿರಣಿಗೆ ಬಂದು ನಿಮ್ಮ ಸನ್ನೆ ನೋಡ್ಕೊಂಡು ಕೂತಿದೆ. ತಲೆ ಒದರ್ತಿತ್ತು ಅಂದ್ರಲ್ಲ, ಅದೇ ಇದರ ದೂರು. ಗುರ್ ಅಂದಿದ್ದು ಎರಡನೇ ದೂರು. ಮಲಗಿದ್ದಾಗ ಮಗು ಬಂದಿದ್ದು ಕೇಳಿಸಿಲ್ಲ, ಮೇಲೆ ಬಿದ್ದಿದ್ದು ಸರಿಯಾಗಿ ಕಿವಿ ಮೇಲೆ. ಕೆಂಡ ಇಟ್ಟ ಹಾಗಾಗಿರುತ್ತೆ.”

ಅತ್ತೆ ಸೆರಗಿನಲ್ಲಿ ಕೈ ಒರೆಸುತ್ತಾ ಅಂದರು: “ಆದ್ರೂ ಡಾಕ್ಟ್ರೇ, ಕಚ್ಚೋದಾ? ಅದೂ ಮನೆ ಮಗೂನ?”

“ನಿಮ್ಮನ್ನ ಹಿಂದಿನಿಂದ ಯಾರಾದ್ರೂ ಗಪ್ ಅಂತ ಹಿಡ್ಕೊಂಡ್ರೆ ಏನ್ ಮಾಡ್ತೀರಮ್ಮ?”

“ಹೋದ ವರ್ಷ ಅಮ್ಮನ್ನ ನಾನೇ ಹಾಗೆ ಹಿಡ್ಕೊಂಡಿದ್ದೆ,” ಅಂದರು ನಮ್ಮನೆಯವರು, ನಾಯಿಯನ್ನು ಅಪ್ಪಿಕೊಂಡೇ. “ಕೈಲಿದ್ದ ಸೇರು ತಗೊಂಡು ತಲೆಗೆ ಬಿಟ್ಟಳು. ಗಂಟು ಈಗ್ಲೂ ಇದೆ.”

“ಗಿರಣಿ ಸದ್ದಿಗೆ ಕೇಳಿಸಲಿಲ್ಲ ಕಣೋ!”

“ನಿನ್ನನ್ನ ಯಾರೂ ಚೀಲಕ್ಕೆ ಹಾಕಲಿಲ್ವಲ್ಲಮ್ಮ.”

ಟೈಲರಣ್ಣ ಕೆಮ್ಮುವ ಹಾಗೆ ಮಾಡಿ ನಕ್ಕ. ಅತ್ತೆ ನಗಲಿಲ್ಲ. ನುಚ್ಚಿನ ಮುಖವನ್ನೇ ನೋಡುತ್ತಿದ್ದರು.

ಡಾಕ್ಟರಮ್ಮ ಕಿವಿ ತೊಳೆದು ಔಷಧಿ ಕೊಟ್ಟರು. “ನೋವು ಹೋಗುತ್ತೆ. ಕಿವಿ ಎಷ್ಟು ವಾಪಸ್ ಬರುತ್ತೆ ಅಂತ ಈಗಲೇ ಹೇಳೋಕಾಗಲ್ಲ. ನೀವಾಗಿ ಎಣ್ಣೆ ಬಿಡೋದು, ಕಡ್ಡಿ ಹಾಕೋದು ಮಾಡಬೇಡಿ. ಹಿಟ್ಟು ಹಾರೋ ಜಾಗದಿಂದ ದೂರ ಮಲಗಿಸಿ. ಎಬ್ಬಿಸಬೇಕಾದ್ರೆ ಮುಟ್ಟಬೇಡಿ. ದೂರದಿಂದ ನೆಲಕ್ಕೆ ಕಾಲು ತಟ್ಟಿ, ಅದಕ್ಕೆ ಗೊತ್ತಾಗುತ್ತೆ. ಹತ್ತು ದಿನದ ಕಾವಲು ಮಾತ್ರ ಹಾಗೇ ಇರಲಿ.”

“ಔಷಧಿ ಯಾರು ಹಾಕ್ತೀರಿ?” ಅಂತ ಕೇಳಿದರು. ನಾನು ಕೈ ಎತ್ತುವ ಮೊದಲೇ ಅತ್ತೆ ಸೀಸೆ ಇಸಿದುಕೊಂಡಿದ್ದರು.

ದಿನಾ ಎರಡು ಹೊತ್ತು ನಮ್ಮನೆಯವರು ಬಾಯಿಗೆ ಪಟ್ಟಿ ಸುತ್ತಿ ಹಿಡಿಯುವುದು, ಅತ್ತೆ ಹನಿ ಬಿಡುವುದು. ಹತ್ತಿರ ಹೋಗುವ ಮೊದಲು ನೆಲಕ್ಕೆ ಕಾಲು ತಟ್ಟುವರು. ನುಚ್ಚು ತಿರುಗಿ ನೋಡುವುದು. ಅಂಗೈ ಕೆಳಗಾಗುವುದು. ಅಷ್ಟು ನೋವಿನಲ್ಲೂ ಸನ್ನೆ ತಪ್ಪಿಸಲಿಲ್ಲ ಅದು. ಬಾಗಿಲಾಚೆ ಗುಬ್ಬಿ ಕೈ ಕಟ್ಟಿಕೊಂಡು ನಿಲ್ಲುವಳು. ಮಾತು ಕೊಟ್ಟ ಹೆಂಗಸಿಗೂ ಮಾತೇ ಆಡಲಾಗದ ಪ್ರಾಣಿಗೂ ನಡುವೆ ಅಷ್ಟು ಮರ್ಯಾದೆ ಇರಬಹುದು ಅಂತ ನಾನು ಎಣಿಸಿರಲಿಲ್ಲ. ಆದರೆ ಮೊಳೆಯ ಮೇಲಿನ ಚೀಲವನ್ನು ಅತ್ತೆ ತೆಗೆಯಲಿಲ್ಲ. ಅದರ ಬಗ್ಗೆ ಕೇಳುವ ಧೈರ್ಯ ನಮಗಾರಿಗೂ ಬರಲಿಲ್ಲ.

ಹತ್ತು ದಿನ ಮುಗಿಯಿತು. ಡಾಕ್ಟರಮ್ಮ ಬಂದು ನೋಡಿ, ಹುಚ್ಚಿನ ಭಯವಿಲ್ಲ, ಸರಪಳಿ ಬಿಚ್ಚಬಹುದು ಅಂದರು. ಮಾರನೆಯ ಬೆಳಿಗ್ಗೆ ಗುಬ್ಬಿ ಶಾಲೆಗೆ ಹೋಗೆನೆಂದು ಗಿರಣಿಯ ಬಾಗಿಲಿಗೆ ಅಂಟಿಕೊಂಡಳು. ಅಷ್ಟರಲ್ಲಿ ಟೈಲರಣ್ಣ ಬಂದ. ಅವನ ಚೀಲದ ತಳ ಹರಿದು ದಾರಿಯುದ್ದಕ್ಕೂ ಗೋಧಿ ಚೆಲ್ಲಿತ್ತು.

“ಊರಿಗೆಲ್ಲ ಹೊಲಿತೀಯ, ನಿನ್ನ ಚೀಲಕ್ಕೆ ಒಂದು ಹೊಲಿಗೆ ಹಾಕೋಕಾಗಲ್ವಾ?” ಅಂತ ಅತ್ತೆ ಎದ್ದರು. ಮೊಳೆಯಿಂದ ಗೋಣಿಚೀಲ ತೆಗೆದರು. ಗುಬ್ಬಿ ಬಾಗಿಲನ್ನು ಇನ್ನೂ ಗಟ್ಟಿಯಾಗಿ ಹಿಡಿದಳು. ಅತ್ತೆ ಚೀಲವನ್ನು ಎರಡು ಸಲ ಕೊಡವಿ ಟೈಲರಣ್ಣನ ಕೈಗಿಟ್ಟರು. “ತಗೋ. ಇದರಲ್ಲಿ ತುಂಬಿಕೊಂಡು ಹೋಗು.”

“ಏನಮ್ಮಾ,” ಅಂದ ಟೈಲರಣ್ಣ, ಬಾಯಿ ಸುಮ್ಮನಿರಬೇಕಲ್ಲ, “ನಾಯಿ ಬಂದ ದಿನ ಇಲ್ಲೇ ನಿಂತು ಒಂದು ಮಾತು ಕೊಟ್ಟಿದ್ರಿ...”

“ಕೊಟ್ಟಿದ್ದೆ. ಸಣ್ಣಗೆ ಬೇಕಾ, ತರಿಯಾಗಿ ಬೇಕಾ?”

“ಸಣ್ಣಗೇ ಇರಲಿ,” ಅಂದ ಟೈಲರಣ್ಣ.

ನುಚ್ಚಿಗೆ ಎಡಗಿವಿ ಈಗ ಅಷ್ಟಿಷ್ಟು ಕೇಳಿಸುತ್ತದೆ, ಬಲಗಿವಿ ಇಲ್ಲ. ಗುಬ್ಬಿ ಎದುರಿನಿಂದಲೇ ಹೋಗಿ, ಕಾಲು ತಟ್ಟಿ, ಅದು ಬಾಲ ಆಡಿಸಿದ ಮೇಲೆ ಮುಟ್ಟುತ್ತಾಳೆ. ಅವಳ ಲಸಿಕೆಗಳೂ ಒಂದೂ ತಪ್ಪದೆ ಮುಗಿದವು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ನಾಯಿ ಇದ್ದಕ್ಕಿದ್ದ ಹಾಗೆ ಮಂಕಾದರೆ, ಮೂಲೆ ಹಿಡಿದರೆ, ಅನ್ನ ಬಿಟ್ಟರೆ, ಮುಟ್ಟಿದರೆ ಗುರ್ರೆಂದರೆ ಕೋಲು ಹುಡುಕಬೇಡಿ. ಸೊಕ್ಕು ಅಂತ ತೀರ್ಮಾನ ಮಾಡುವ ಮೊದಲು ನೋವಿದೆಯಾ ಅಂತ ನೋಡಿ. ಕಿವಿಯೋ, ಹಲ್ಲೋ, ಕಣ್ಣೋ, ಕೀಲೋ, ಹೊಟ್ಟೆಯೋ, ಅದು ಹೇಳಲಾರದು. ಯಾವಾಗಿನಿಂದ, ಎಲ್ಲಿ, ಯಾರ ಹತ್ತಿರ ಹೀಗಾಡುತ್ತದೆ ಅಂತ ಗಮನಿಸಿ ಪಶುವೈದ್ಯರಿಗೆ ಹೇಳಿ. ಅಲ್ಲಿಯವರೆಗೆ ಮಕ್ಕಳನ್ನು ದೂರ ಇಡಿ. ವರ್ಷಕ್ಕೊಮ್ಮೆ ಅದಕ್ಕೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ. ಕಚ್ಚಿದರೆ, ಪರಚಿದರೂ ಸರಿ, ಸೋಪು ಹಚ್ಚಿ ಹರಿಯುವ ನೀರಲ್ಲಿ ಕಾಲು ಗಂಟೆ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಹಿಟ್ಟು ಮೆತ್ತಬೇಡಿ. ನಮ್ಮದು ಗಿರಣಿ, ನಾವೇ ಹೇಳುತ್ತಿದ್ದೇವೆ.

ನಮ್ಮತ್ತೆ ಆ ಗೋಣಿಚೀಲದ ಮಾತು ನಡೆಸಲಿಲ್ಲ.