ಫ್ರೌಕೆಯ ಅರವತ್ತು ಗಾಲಿ ಚೀಸ್

ವೂರ್ಡನ್ ಪೇಟೆಯಾಚೆಯ ಆ ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಚೀಸ್ ಮಾಡಿದವರು ಹೆಂಗಸರೇ. ಮಾರ್ಚ್‌ನಲ್ಲಿ ಅತ್ತೆ ಹಿಲ್ಲೆ ತೀರಿಕೊಂಡರು. ಏಪ್ರಿಲ್ ಕೊನೆಗೆ ಸೊಸೆ ಫ್ರೌಕೆ ಒಬ್ಬಳೇ ಹಾಲಿಗೆ ಹೆಪ್ಪು ಹಾಕಿ, ದಿನಕ್ಕೆ ಐದರಂತೆ ಗಾಲಿಯಾಕಾರದ ಅರವತ್ತು ಚೀಸ್ ಗಟ್ಟಿ ಮಾಡಿದಳು. ಈಗ ಆಗಸ್ಟ್. ಅವುಗಳನ್ನು ಎರಡು ವರ್ಷ ಮಾಗಿಸಲು ಒಯ್ಯಬೇಕೋ ಬೇಡವೋ ಎಂದು ನೋಡಲು ವ್ಯಾಪಾರಿ ತ್ಯೂನಿಸ್ ಬಂದಿದ್ದ. ಬೇಡವೆಂದರೆ, ಅತ್ತೆ ನಲವತ್ತು ವರ್ಷ ಉಳಿಸಿಕೊಂಡ ನಂಬಿಕೆ ಸೊಸೆಯ ಕೈಯಲ್ಲಿ ಮುಗಿದಂತೆ.

ತ್ಯೂನಿಸ್ ಕಿವಿಯೊಳಗಿನ ಯಂತ್ರಗಳೆರಡನ್ನೂ ತೆಗೆದು ಜೇಬಿಗಿಟ್ಟ.

"ಅಯ್ಯೋ ಮಾಮ, ತೆಗೆದ್ಬಿಟ್ರೆ ಹೇಗೆ ಕೇಳ್ಸುತ್ತೆ?" ಎಂದಳು ಫ್ರೌಕೆ.

"ಹೆಂಡ್ತಿ ಬಯ್ಯೋಕೆ ಶುರು ಮಾಡಿದ್ರೂ ಹಿಂಗೇ ತೆಗೀತಾರಂತೆ" ಎಂದು ಗಂಡ ವೆಸೆಲ್ ನಕ್ಕ. ಫ್ರೌಕೆ ನಗಲಿಲ್ಲ.

ಮುದುಕ ಎಡ ಅಂಗೈಯನ್ನು ಗಾಲಿಯ ಮೇಲೆ ಚಪ್ಪಟೆಯಾಗಿ ಇಟ್ಟು, ಬಲಗೈ ಗೆಣ್ಣಿನಿಂದ ಒಮ್ಮೆ ತಟ್ಟುತ್ತಿದ್ದ. ಮುಂದಿನದು. ಮತ್ತೆ ಮುಂದಿನದು. ಹದಿನೆಂಟನೆಯದರ ಬಳಿ ನಿಂತು ಇನ್ನೊಮ್ಮೆ ತಟ್ಟಿ, ಅದನ್ನು ಪಕ್ಕಕ್ಕೆ ಎಳೆದ. ಫ್ರೌಕೆಯ ಕಿವಿಗೆ ಎಲ್ಲವೂ ಒಂದೇ ಸದ್ದು. ಅರವತ್ತೂ ಮುಗಿದಾಗ ಪಕ್ಕದಲ್ಲಿ ಐದು ಗಾಲಿಗಳಿದ್ದವು.

ಯಂತ್ರ ಸಿಕ್ಕಿಸಿಕೊಂಡು ಹೇಳಿದ: "ಇವೈದೂ ಒಂದೇ ದಿನದ್ದು ಕಣಮ್ಮ."

ದಿನವೂ ಮಗುಚಿ ಇಡುವಾಗ ಗಾಲಿಗಳು ಹಲಗೆಗಳ ಮೇಲೆ ಕಲೆತುಹೋಗಿದ್ದವು. ತಾರೀಖಿನ ಗುರುತು ಅಡಿಯಲ್ಲಿತ್ತು. ಫ್ರೌಕೆ ಒಂದೊಂದನ್ನೇ ಮಗುಚಿದಳು. ಏಪ್ರಿಲ್ ಇಪ್ಪತ್ತೇಳು. ಐದರಲ್ಲೂ ಅದೇ.

"ಹಿಂದಿನ ದಿನ ಹಸುಗಳಿಗೆ ಏನ್ ಹಾಕಿದ್ದೆ?" ತ್ಯೂನಿಸ್ ಕೇಳಿದ.

ಅಂದು ಹಾಕಿದ್ದೇನೆಂದು ಗೊತ್ತಿದ್ದುದು ಅವಳೊಬ್ಬಳಿಗೇ. ವೆಸೆಲ್‌ಗೂ ಹೇಳಿರಲಿಲ್ಲ.

"ಮಳೆ ಬಿಡ್ಲಿಲ್ಲ ಮಾಮ. ಹುಲ್ಲುಗಾವಲೆಲ್ಲ ನೀರು. ಒಣಹುಲ್ಲು ಮುಗಿದಿತ್ತು. ಅಕ್ಕನ ಮನೆಯಿಂದ ಪ್ಲಾಸ್ಟಿಕ್ ಸುತ್ತಿ ಹುಳಿ ಬರ್ಸಿದ ಹುಲ್ಲು, ಹುಳಿಮೇವು ತಂದು ಹಾಕ್ದೆ. ಒಂದೇ ಹೊತ್ತು."

"ಹುಳಿಮೇವಾ!" ವೆಸೆಲ್ ತಲೆ ಹಿಡಿದುಕೊಂಡ. ಹಸಿ ಹಾಲಿನ ಚೀಸ್ ಮಾಡುವ ಮನೆಯಲ್ಲಿ ಆ ಮೇವು ಹಟ್ಟಿಯ ಬಾಗಿಲು ದಾಟಬಾರದು. ಅದನ್ನು ತಿಂದ ಹಸುವಿನ ಹಾಲಿನ ಗಾಲಿ ಹೊರಗೆ ನುಣ್ಣಗಿದ್ದು, ತಿಂಗಳುಗಳಾದ ಮೇಲೆ ಒಳಗೊಳಗೇ ಗಾಳಿ ತುಂಬಿ ಉಬ್ಬಿ ಬಿರಿಯುತ್ತದೆ.

ತ್ಯೂನಿಸ್ ಬೈಯಲಿಲ್ಲ. ಅವಳ ಅಂಗೈಯನ್ನು ಕೆಟ್ಟ ಗಾಲಿಯ ಮೇಲಿಟ್ಟು ತಟ್ಟಿದ. ಒಳ್ಳೆಯದರ ಮೇಲಿಟ್ಟು ತಟ್ಟಿದ. ಅವಳಿಗೆ ಏನೂ ತಿಳಿಯಲಿಲ್ಲ. ಏಳನೆಯ ಸಲ ಅವಳು ಉಸಿರು ಹಿಡಿದಳು: ಒಳ್ಳೆಯದರಲ್ಲಿ ಪೆಟ್ಟು ಅಂಗೈವರೆಗೂ ಇಡಿಯಾಗಿ ಬಂತು, ಕೆಟ್ಟದರಲ್ಲಿ ನಡುವೆ ಎಲ್ಲೋ ಸೋರಿಹೋಯಿತು.

"ಬಂತು" ಎಂದಳು, ಮೆಲ್ಲಗೆ.

ಪೇಟೆಯಲ್ಲಿ ವ್ಯಾಪಾರ ಕುದುರಿದಾಗ ಮಾಡುವಂತೆ ತ್ಯೂನಿಸ್ ಅದೇ ಅಂಗೈಗೆ ತನ್ನ ಅಂಗೈ ಬಡಿದ.

"ಐವತ್ತೈದು ನಂದು. ಈ ಐದು ನೀನೇ ಇಟ್ಕೊ. ಬಿರಿಯೋವರೆಗೂ ದಿನಾ ತಟ್ಟು."