ಸೈಲೆನ್ಸರಿಗೆ ತಕ್ಕ ಪಿಸ್ತೂಲು

ಆರಿನ್ ಟೀಗ್ ಹತ್ತು ತಿಂಗಳಿನಿಂದ ಪ್ರತಿ ಗುರುವಾರ ಮಧ್ಯಾಹ್ನ ಎರಡಕ್ಕೆ ಜೈಲಿಗೆ ಹೋಗಿಬರುತ್ತಿದ್ದ. ಐಡಹೊ ರಾಜ್ಯದ ಚಾಲಿಸ್ ಊರಿನಲ್ಲಿ ಬಂದೂಕು ಇಟ್ಟುಕೊಂಡವರು ಅದನ್ನು ಹಾಗೆಯೇ ಕರೆಯುತ್ತಿದ್ದರು. ಜೈಲೆಂದರೆ ಡೆಲ್ಫೀನ್ ಯೋಕಮ್‌ಳ ಬಂದೂಕಿನ ಅಂಗಡಿಯ ಕಬ್ಬಿಣದ ಬೀರು. ಕೈದಿಯೆಂದರೆ ಆರಿನ್ ಜನವರಿಯಲ್ಲೇ ಪೂರ್ತಿ ಹಣ ಕೊಟ್ಟು ಕೊಂಡಿದ್ದ ಒಂದು ಸೈಲೆನ್ಸರ್, ಗೇಣಿಗಿಂತ ಚಿಕ್ಕದಾದ ಕಪ್ಪು ಕೊಳವೆ.

ಪಿಸ್ತೂಲಾದರೆ ಕೊಂಡ ದಿನವೇ ಮನೆಗೆ ಒಯ್ಯಬಹುದು. ಸೈಲೆನ್ಸರಿಗೆ ಬೆರಳಚ್ಚು, ಫೋಟೊ, ಇನ್ನೂರು ಡಾಲರ್ ತೆರಿಗೆ ಕಳಿಸಿ, ಸರ್ಕಾರದ ಒಪ್ಪಿಗೆಪತ್ರ ಅಂಚೆಯಲ್ಲಿ ಅಂಗಡಿಗೆ ಬರುವವರೆಗೆ ಕಾಯಬೇಕು. ಅಲ್ಲಿಯವರೆಗೆ ಅದು ಅಂಗಡಿಯವರ ವಶದಲ್ಲೇ ಇರಬೇಕು. ಅವರು ಪಕ್ಕದಲ್ಲಿ ನಿಂತಿದ್ದರೆ ಕೊಂಡವನು ಅಲ್ಲೇ ಅದನ್ನು ಹಾಕಿ ಗುಂಡು ಹೊಡೆದು ನೋಡಬಹುದು. ಡೆಲ್ಫೀನ್‌ಳ ಅಂಗಡಿಯ ಹಿಂದೆ ಮಣ್ಣಿನ ದಿಬ್ಬವೊಂದಿತ್ತು. ಅದರ ಮುಂದೆ ಸರಪಳಿಯಲ್ಲಿ ಮೂರು ಉಕ್ಕಿನ ತಟ್ಟೆಗಳು ತೂಗುತ್ತಿದ್ದವು. ಆರಿನ್‌ನ ಭೇಟಿ ನಡೆಯುತ್ತಿದ್ದದ್ದು ಅಲ್ಲಿ.

ಅವನಿಗೆ ಅರವತ್ತಮೂರು. ಮೂವತ್ತೊಂದು ವರ್ಷ ಸಾಮಿಲ್‌ನಲ್ಲಿ ದೊಡ್ಡ ಗರಗಸದ ಮುಂದೆ ನಿಂತಿದ್ದ. ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿಯಲ್ಲಿ ಅರ್ಧ ಉಳಿದಿತ್ತು, ಅದರಲ್ಲೂ ಸದಾ ಒಂದು ಸಣ್ಣ ಗುಂಯ್ ಶಬ್ದ. ಕಿವಿ ಪರೀಕ್ಷೆ ಮಾಡಿಸಿದ್ದು ಹೆಂಡತಿ ರೂಥಾನ್ ಬಿಟ್ಟುಹೋದ ಮರುವರ್ಷ. ತಾನು ಹೇಳಿದ್ದನ್ನು ಅವನು ಕೇಳಿಸಿಕೊಳ್ಳುವುದೇ ಇಲ್ಲ ಎಂಬುದು ಅವಳ ಹಳೆಯ ದೂರು. ಬಾಯ್ಸಿ ನಗರದ ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು: ಅವನ ಕಿವಿಯಲ್ಲಿ ಸತ್ತಿರುವುದು ಮೇಲಿನ ಸ್ವರಗಳು, ಹೆಂಗಸರ, ಮಕ್ಕಳ, ಹಕ್ಕಿಗಳ ದನಿ ಇರುವ ಭಾಗ. ಆ ಕಾಗದವನ್ನು ರೂಥಾನ್‌ಗೆ ಕಳಿಸಬೇಕೆಂದು ಅವನು ಲಕೋಟೆಗೆ ಹಾಕಿಟ್ಟ. ಹನ್ನೊಂದು ವರ್ಷವಾದರೂ ಅದು ಅಡುಗೆಮನೆಯ ಡ್ರಾಯರಿನಲ್ಲೇ ಇದೆ.

ಗುಂಡು ಹೊಡೆಯುವುದು ಅವನಿಗೆ ಉಳಿದಿದ್ದ ಒಂದೇ ಆಟ. ಕಿವಿಯ ಮೇಲೆ ದಪ್ಪ ಮುಚ್ಚಳ ಹಾಕಿಕೊಂಡು ಆಡಬಹುದಿತ್ತು. ಆದರೆ ಮುಚ್ಚಳ ಹಾಕಿದರೆ ಲೋಕವೇ ಇಲ್ಲವಾಗುತ್ತಿತ್ತು. ಸಣ್ಣ ಗುಂಡಿನ ಪಾಯಿಂಟ್ ಟೂ ಟೂ ಪಿಸ್ತೂಲಿಗೆ ಸೈಲೆನ್ಸರ್ ಹಾಕಿ, ಶಬ್ದದ ವೇಗ ಮೀರದ ನಿಧಾನದ ತೋಟಾಗಳನ್ನೇ ಬಳಸುವುದಾದರೆ ಮುಚ್ಚಳವಿಲ್ಲದೆ ದಿನಕ್ಕೆ ಅರ್ಧ ಗಂಟೆ ಆಡಬಹುದು ಎಂದು ಡಾಕ್ಟರು ಒಲ್ಲದ ಮನಸ್ಸಿನಿಂದ ಒಪ್ಪಿದ್ದರು.

ಅರ್ಜಿ ತುಂಬುವಾಗ ಡೆಲ್ಫೀನ್ ಅವನನ್ನು ಒಂದು ಪ್ರಶ್ನೆ ಕೇಳಿದ್ದಳು. ಸೈಲೆನ್ಸರನ್ನು ಅವನೊಬ್ಬನ ಹೆಸರಿನಲ್ಲಿ ಪಡೆಯಬಹುದು, ಇಲ್ಲವೇ ಟ್ರಸ್ಟ್ ಮಾಡಿ ಇನ್ನೊಬ್ಬರ ಹೆಸರನ್ನೂ ಸೇರಿಸಬಹುದು. ಒಬ್ಬನ ಹೆಸರಿನಲ್ಲಿದ್ದರೆ, ಅವನು ಪಕ್ಕದಲ್ಲಿ ಇಲ್ಲದಾಗ ಬೇರೆ ಯಾರೂ ಅದನ್ನು ಇಟ್ಟುಕೊಳ್ಳುವಂತಿಲ್ಲ. ಜೊತೆಗೆ ಬಳಸುವವರು ಯಾರಾದರೂ ಇದ್ದಾರೆಯೇ ಎಂದು ಅವಳು ಪೆನ್ನು ಎತ್ತಿ ಹಿಡಿದು ಕಾದಳು. ಆರಿನ್ ಯಾರೂ ಇಲ್ಲ ಎಂದ.

ಮೊದಲ ಗುರುವಾರ ಹಿಮ ಮೊಳಕಾಲುದ್ದ ಬಿದ್ದಿತ್ತು. ಡೆಲ್ಫೀನ್ ಸಲಿಕೆಯಿಂದ ದಾರಿ ಮಾಡಿ, ತನ್ನ ಬಾಡಿಗೆ ಪಿಸ್ತೂಲಿಗೆ ಅವನ ಸೈಲೆನ್ಸರನ್ನು ತಿರುಪಿ ಕೂರಿಸಿ ಕೈಗೆ ಕೊಟ್ಟಳು. ಮೊದಲ ಗುಂಡು ಚಪ್ಪಾಳೆಯಷ್ಟು ಜೋರಾಗಿ ಕೇಳಿತು. ಅವನ ಮುಖ ಸಪ್ಪಗಾದದ್ದನ್ನು ನೋಡಿ ಅವಳು, ಕೊಳವೆಯೊಳಗೆ ಗಾಳಿ ತುಂಬಿರುತ್ತದೆ, ಆದ್ದರಿಂದ ಮೊದಲನೆಯದು ಯಾವಾಗಲೂ ಜೋರು, ಮುಂದಿನದನ್ನು ಕೇಳಿ ಎಂದಳು. ಎರಡನೆಯದು ಬರೀ ಉಸಿರು. ಆಮೇಲೆ ತಟ್ಟೆಯ ಠಣ್. ಅದರ ಬೆನ್ನಿಗೇ ಎಡಗಡೆಯಿಂದ ಅವಳ ದನಿ: "ಬಿತ್ತು, ನೋಡಿ."

ಡೆಲ್ಫೀನ್‌ಳದು ದಪ್ಪ ದನಿ. ಹಿಂದೆ ಲಾರಿ ಕಂಪನಿಯೊಂದರಲ್ಲಿ ವೈರ್‌ಲೆಸ್ ನೋಡಿಕೊಳ್ಳುತ್ತಿದ್ದವಳು. ಅವನ ಎಡಗಿವಿಯಲ್ಲಿ ಏನು ಉಳಿದಿತ್ತೋ ಆ ದನಿ ಅಲ್ಲಿಗೇ ಬಂದು ಬೀಳುತ್ತಿತ್ತು. ಬಯಲಿನಲ್ಲಿ ನಿಂತು, ಇನ್ನೊಮ್ಮೆ ಹೇಳಿ ಎನ್ನದೆ, ಒಬ್ಬರ ಮಾತನ್ನು ಅವನು ಕೇಳಿ ಎಷ್ಟೋ ವರ್ಷಗಳಾಗಿದ್ದವು. ಅಂದು ಪೆಟ್ಟಿಗೆಯಲ್ಲಿದ್ದ ಐವತ್ತು ತೋಟಾಗಳನ್ನು ಮುಗಿಸಲು ಒಂದು ಗಂಟೆ ತೆಗೆದುಕೊಂಡ. ಡಾಕ್ಟರು ಹೇಳಿದ್ದು ಅರ್ಧ ಗಂಟೆ.

ಆದರೆ ಸೈಲೆನ್ಸರಿಗೆ ತಕ್ಕ ತನ್ನದೇ ಪಿಸ್ತೂಲನ್ನು ಅವನು ಆರಿಸಲಿಲ್ಲ. ಒಪ್ಪಿಗೆಪತ್ರ ಬರುವಷ್ಟರಲ್ಲಿ ಆರಿಸಿದರಾಯಿತು, ಒಂದೊಂದನ್ನೇ ಪರೀಕ್ಷಿಸಿ ನೋಡುತ್ತೇನೆ ಎಂದು ಅವಳಿಗೆ ಹೇಳಿದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಉಕ್ಕಿನ ಭಾರದ ಪಿಸ್ತೂಲು. ಅಲುಗಾಡದ ನಳಿಕೆ, ಗುರಿ ತಪ್ಪದು. ಸೈಲೆನ್ಸರ್ ಹಾಕಿದಾಗ ಮೂತಿ ಭಾರವಾಗಿ ಇಪ್ಪತ್ತು ಗುಂಡಿಗೆ ಮಣಿಕಟ್ಟು ನಡುಗುತ್ತಿತ್ತು. ಮೇ ತಿಂಗಳಿನಲ್ಲಿ ಅದರದೇ ಹಗುರ ಅಲ್ಯುಮಿನಿಯಂ ರೂಪ. ಕೈಗೆ ಹಿತವಾಗಿತ್ತು, ಆದರೆ ಪ್ರತಿ ಗುಂಡಿಗೂ ಒಳಗಿನ ಉಕ್ಕಿನ ತುಂಡು ಹಿಂದೆ ಹೋಗಿ ಮುಂದೆ ಬಂದು ಚಟಕ್ಕೆಂದು ಬಡಿಯುತ್ತಿತ್ತು. ತೆರೆದ ಕಿಂಡಿಯಿಂದ ಒಂದಿಷ್ಟು ಸದ್ದೂ ಹೊಗೆಯೂ ಹೊರಗೆ ಬರುತ್ತಿದ್ದವು. ಬೇರೆಯವರಿಗೆ ಅದು ಲೆಕ್ಕಕ್ಕೇ ಇಲ್ಲ. ಆರಿನ್‌ಗೆ ಮಾತ್ರ ಆ ಚಟಕ್ ಬಿದ್ದಾಗಲೆಲ್ಲ ಡೆಲ್ಫೀನ್‌ಳ ಒಂದು ಪದ ತಪ್ಪಿಹೋಗುತ್ತಿತ್ತು. ಅವಳು ತನ್ನ ತಂಗಿಯ ಕುರಿಗಳ ಕತೆ ಹೇಳುತ್ತಿದ್ದಳು. ಎಷ್ಟು ಕುರಿ ಎಂಬುದು ಅವನಿಗೆ ಕೊನೆಗೂ ತಿಳಿಯಲಿಲ್ಲ. ಜೂನ್‌ನಲ್ಲಿ ನೋಡಿದ ಪ್ಲಾಸ್ಟಿಕ್ ಹಿಡಿಯ ಪುಟ್ಟ ಪಿಸ್ತೂಲಿನಲ್ಲಿ ಆ ಸದ್ದು ಇನ್ನೂ ಹೆಚ್ಚು.

ಅಂಗಡಿಯ ಕೌಂಟರಿನ ಬಳಿ ಕಾಫಿ ಕುಡಿಯುತ್ತ ಕೂರುವ ಮೆರ್ಲ್ ಹ್ಯಾಸ್ಕೆಟ್‌ಗೆ ಇದೆಲ್ಲ ಒಳ್ಳೆಯ ತಮಾಷೆ. ರಸ್ತೆ ಇಲಾಖೆಯಿಂದ ನಿವೃತ್ತನಾದವನು, ಆರಿನ್‌ನ ಶಾಲೆಯ ಗೆಳೆಯ. ಜುಲೈನಲ್ಲಿ ತನ್ನ ರಿವಾಲ್ವರನ್ನೇ ತಂದು ಕೊಟ್ಟ. ರಿವಾಲ್ವರಿನಲ್ಲಿ ತೋಟಾ ತಿರುಗುವ ಉರುಳೆಗೂ ನಳಿಕೆಗೂ ನಡುವೆ ಸಂದು ಇರುತ್ತದೆ, ಸದ್ದೆಲ್ಲ ಅಲ್ಲಿಂದಲೇ ಸೋರುತ್ತದೆ, ಸೈಲೆನ್ಸರ್ ಹಾಕಿಯೂ ಉಪಯೋಗವಿಲ್ಲ ಎಂದು ಡೆಲ್ಫೀನ್ ಮೊದಲೇ ಹೇಳಿದ್ದಳು. ಮೆರ್ಲ್ ಪಟ್ಟು ಹಿಡಿದ. ಹೊಡೆದಾಗ ಪಕ್ಕದ ಹಿತ್ತಲಿನ ನಾಯಿ ಬೊಗಳಲು ಶುರುಮಾಡಿತು. ಅಂದಿನಿಂದ ಆರಿನ್ ಬಾಗಿಲು ದಾಟಿದರೆ ಸಾಕು, ಮೆರ್ಲ್‌ನ ಮಾತು ಸಿದ್ಧವಾಗಿರುತ್ತಿತ್ತು.

"ಬಂದ್ಯೇನಪ್ಪಾ ಭೇಟಿಗೆ? ನಾನು ಎರಡು ಮದುವೆ ಆಗೋಕೂ ಇಷ್ಟು ದಿನ ತಗೊಳ್ಳಲಿಲ್ಲ ಕಣೋ."

"ಅದಕ್ಕೇ ಎರಡಾಗಿದ್ದು," ಎಂದಳು ಡೆಲ್ಫೀನ್, ಲೆಕ್ಕದ ಪುಸ್ತಕದಿಂದ ತಲೆ ಎತ್ತದೆ.

ಆಗಸ್ಟಿನ ಒಂದು ಗುರುವಾರ ಅವಳು ಬೀರುವಿನ ಮೇಲಿನ ಅರೆಯಿಂದ ಬಟ್ಟೆ ಸುತ್ತಿದ ಪಿಸ್ತೂಲೊಂದನ್ನು ತೆಗೆದಳು. ಆರು ವರ್ಷದ ಹಿಂದೆ ತೀರಿಕೊಂಡ ಅವಳ ಗಂಡ ಎವರೆಟ್‌ನದು. ಮಧ್ಯಕ್ಕೆ ಮಡಚಿ ತೆರೆಯಬೇಕು, ಒಂದೇ ತೋಟಾ ಹಾಕಬೇಕು, ಮುಚ್ಚಬೇಕು, ಹೊಡೆಯಬೇಕು, ಮತ್ತೆ ತೆರೆದು ಖಾಲಿ ತೋಟಾದ ಕವಚವನ್ನು ಬೆರಳಿನಿಂದ ಎಳೆದು ತೆಗೆಯಬೇಕು. ಸೈಲೆನ್ಸರಿಗೆಂದು ಎವರೆಟ್‌ನೇ ನಳಿಕೆಯ ತುದಿಗೆ ತಿರುಪಿನ ಥ್ರೆಡ್ ಮಾಡಿಸಿದ್ದ. ಇದು ಮಾರಾಟಕ್ಕಿಲ್ಲ, ಸುಮ್ಮನೆ ಕೇಳಿ ನೋಡಿ ಎಂದಳು.

ಅದರಲ್ಲಿ ಗುಂಡು ಹಾರುವಾಗ ಅಲುಗಾಡುವ ಭಾಗವೇ ಇರಲಿಲ್ಲ. ಟ್ರಿಗರ್ ಎಳೆದರೆ ಒಂದು ಉಸಿರು, ದೂರದಲ್ಲಿ ಠಣ್, ಅಷ್ಟೇ. ತೆರೆದು ತುಂಬಿ ಮುಚ್ಚುವಷ್ಟು ಹೊತ್ತಿನಲ್ಲಿ ಅವಳ ಮಾತು ಎಲ್ಲೂ ತುಂಡಾಗದೆ ಮುಗಿಯುತ್ತಿತ್ತು. ಹೊಡೆತದ ನಡುವೆಯೂ ಮುಗಿಯುತ್ತಿತ್ತು. ಎವರೆಟ್ ಸಾಯುವ ಮುಂಚಿನ ಬೇಸಿಗೆಯಲ್ಲಿ ತಾವಿಬ್ಬರೂ ಊರಾಚೆಯ ಜಲ್ಲಿ ಕ್ವಾರಿಗೆ ಇದೇ ಪಿಸ್ತೂಲು ಒಯ್ಯುತ್ತಿದ್ದುದು, ಅವನಿಗೆ ಕೈ ಎತ್ತಲಾಗದೆ ತಾನೇ ಹೊಡೆಯುತ್ತಿದ್ದುದು, ಅವನು ಕುರ್ಚಿಯಲ್ಲಿ ಕೂತು ತಪ್ಪು ಹುಡುಕುತ್ತಿದ್ದುದು, ಎಲ್ಲವನ್ನೂ ಅವಳು ಆ ದಿನ ಹೇಳಿದಳು. ಆರಿನ್‌ಗೆ ಒಂದು ಪದವೂ ತಪ್ಪಲಿಲ್ಲ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅದನ್ನೇ ಮೊದಲಿನಿಂದ ನೆನಪಿಸಿಕೊಂಡ.

ಆಮೇಲಿನ ಎಲ್ಲ ಗುರುವಾರಗಳಲ್ಲೂ ಅವನು ಬಾಡಿಗೆ ಪಿಸ್ತೂಲಿನಲ್ಲಿ ಹತ್ತು ಗುಂಡು ಹೊಡೆದು, ಅದರ ಬಗ್ಗೆ ಒಂದು ತಕರಾರು ತೆಗೆಯುತ್ತಿದ್ದ. ಆಗ ಅವಳು ಎವರೆಟ್‌ನ ಪಿಸ್ತೂಲು ತರುತ್ತಿದ್ದಳು. ಒಪ್ಪಿಗೆಪತ್ರ ಯಾವ ದಿನವಾದರೂ ಬರಬಹುದಿತ್ತು. ಬಂದರೆ ಕೈದಿಗೆ ಬಿಡುಗಡೆ, ಅವನಿಗೆ ಅಂಗಡಿಗೆ ಬರಲು ನೆಪವಿಲ್ಲ. ವರ್ಷಕ್ಕೆರಡು ಸಲ ತೋಟಾ ಕೊಳ್ಳಲು ಬರಬಹುದು. ಕೌಂಟರಿನ ಆಚೆ ಅವಳು, ಈಚೆ ಅವನು. ಅದನ್ನು ನೆನೆದಾಗ ಕಿವಿಯೊಳಗಿನ ಗುಂಯ್ ಜೋರಾದಂತೆ ಅನ್ನಿಸುತ್ತಿತ್ತು.

ಅಕ್ಟೋಬರ್ ಇಪ್ಪತ್ತೈದರ ಗುರುವಾರ ಅವನು ಹೋದಾಗ ಮೆರ್ಲ್ ಎದ್ದು ನಿಂತಿದ್ದ, ಕೈಯಲ್ಲಿ ತನ್ನದೇ ಸೈಲೆನ್ಸರ್.

"ಬಂತು ನೋಡು ನನ್ನದು! ನಾನು ಅರ್ಜಿ ಹಾಕಿದ್ದು ಮಾರ್ಚ್‌ನಲ್ಲಿ. ನಿನ್ನದು ಜನವರಿ. ಎಲ್ಲಿ ಹೋಯ್ತೋ ಅದು?"

ಆರಿನ್ ಡೆಲ್ಫೀನ್‌ಳ ಕಡೆ ನೋಡಲಿಲ್ಲ. ಸರ್ಕಾರದ ಕೆಲಸ, ಒಂದು ಬೇಗ, ಒಂದು ತಡ ಎಂದುಬಿಟ್ಟ. ತನ್ನದು ಬಂತೇ ಎಂದು ಕೇಳುವುದು ಅವನಿಗೆ ಬೇಕಿರಲಿಲ್ಲ. ಮೆರ್ಲ್, ವಾಷಿಂಗ್ಟನ್‌ಗೆ ಫೋನ್ ಮಾಡಿ ಕೇಳು, ನಾನೇ ನಂಬರ್ ಕೊಡುತ್ತೇನೆ ಎಂದು ಜೇಬು ತಡಕುತ್ತಿದ್ದ. ಡೆಲ್ಫೀನ್ ಅವನ ಕಾಫಿ ಲೋಟವನ್ನು ಎತ್ತಿಕೊಂಡು, ಮನೆಗೆ ಹೋಗಿ ಹೊಸದನ್ನು ಹಾಕಿ ಹೊಡೆದು ನೋಡು, ಹೋಗು ಎಂದು ಕಳಿಸಿದಳು.

ಬಾಗಿಲು ಮುಚ್ಚಿದ ಮೇಲೆ ಕೌಂಟರಿನ ಕೆಳಗಿನ ಡ್ರಾಯರ್ ಎಳೆದು ಕಂದು ಲಕೋಟೆಯೊಂದನ್ನು ಅವನ ಮುಂದಿಟ್ಟಳು. ಅಂಚು ನೀಟಾಗಿ ಕತ್ತರಿಸಿತ್ತು. ಒಳಗೆ ಅವನ ಅರ್ಜಿ, ಅದರ ಮೂಲೆಯಲ್ಲಿ ತೆರಿಗೆಯ ಸ್ಟಾಂಪು, ಅದರ ಮೇಲೆ ತಾರೀಖು: ಸೆಪ್ಟೆಂಬರ್ ಹನ್ನೆರಡು.

ಆರಿನ್ ತಾರೀಖನ್ನು ಎರಡು ಸಲ ಓದಿದ. ಅಂಚೆಗೆ ಒಂದು ವಾರ ಬಿಟ್ಟರೂ ಐದು ಗುರುವಾರ. ಐದು ಸಲ ಅವಳು ಈ ಡ್ರಾಯರಿನ ಪಕ್ಕದಲ್ಲೇ ನಿಂತು, ಬೀರು ತೆಗೆದು, ಅವನೊಂದಿಗೆ ಹಿತ್ತಲಿಗೆ ಬಂದಿದ್ದಳು.

"ನಾನು ಹಾಗೆ ಮಾಡಬಾರದಿತ್ತು," ಎಂದಳು. "ಲೈಸೆನ್ಸ್ ಇಟ್ಟುಕೊಂಡಿರೋಳು ನಾನು. ಬಂದ ದಿನವೇ ಫೋನ್ ಮಾಡಬೇಕಿತ್ತು."

ವಶಕ್ಕೆ ಪಡೆಯುವ ಕೊನೆಯ ಫಾರಂ ಅನ್ನು ಅವಳು ಮುಂದೆ ತಳ್ಳಿದಳು. ಸಹಿ ಮಾಡದೆ ಹೋಗಿಬಿಟ್ಟರೆ ಇನ್ನೂ ಕೆಲವು ಗುರುವಾರ ಸಿಗುತ್ತವೆ ಎಂದು ಅವನಿಗೆ ಹೊಳೆಯಿತು. ಆದರೆ ಇಬ್ಬರೂ ಒಂದೇ ಕಾಗದವನ್ನು ಬಚ್ಚಿಟ್ಟು ಆಡುವ ಆಟ ಇನ್ನು ನಡೆಯುವಂತಿರಲಿಲ್ಲ. ಅವನು ಫಾರಂ ತುಂಬಿದ. ಹೆಸರು, ವಿಳಾಸ, ಹುಟ್ಟಿದ ತಾರೀಖು, ಸಹಿ. ಅವಳು ಸೈಲೆನ್ಸರಿನ ನಂಬರನ್ನು ಕಾಗದದೊಂದಿಗೆ ತಾಳೆ ನೋಡಿ, ಬಟ್ಟೆಯಲ್ಲಿ ಸುತ್ತಿ ಕೊಟ್ಟಳು.

"ಪಿಸ್ತೂಲು ಮಾತ್ರ ನೀವು ಇನ್ನೂ ಆರಿಸಲಿಲ್ಲ."

"ಆರಿಸಿ ಆಯ್ತು. ಆಗಸ್ಟ್‌ನಲ್ಲೇ."

ಅವಳಿಗೆ ಗೊತ್ತಾಯಿತು. "ಅದು ಮಾರಾಟಕ್ಕಿಲ್ಲ ಅಂದಿದ್ದೆನಲ್ಲ, ಆರಿನ್."

"ಕೊಳ್ಳೋಕೆ ಕೇಳ್ತಿಲ್ಲ." ಅವನ ದನಿ ಅವನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಕಿವಿ ಕೇಳದವರಿಗೆ ಆಗುವುದೇ ಹಾಗೆ. ಗಾಜಿನ ಕಪಾಟಿನೊಳಗಿನ ಚಾಕುಗಳು ಸಣ್ಣಗೆ ಅದುರಿದವು.

ಡೆಲ್ಫೀನ್ ತುಟಿ ಬಿಗಿಹಿಡಿದು ನಗು ತಡೆದಳು. "ಮೊದಲನೇದು ಯಾವಾಗ್ಲೂ ಜೋರೇ," ಎಂದಳು.

ಅವನು ದನಿ ಇಳಿಸಿದ. "ಜನವರಿಯಲ್ಲಿ ಕೇಳಿದ್ರಲ್ಲ, ಜೊತೆಗೆ ಯಾರಿದ್ದಾರೆ ಅಂತ. ನಾನು ಯೋಚನೆ ಮಾಡದೆ ಉತ್ತರ ಕೊಟ್ಟೆ. ಈಗ ಇದು ನನ್ನೊಬ್ಬನ ಹೆಸರಲ್ಲಿದೆ. ಇಷ್ಟು ದಿನ ನೀವು ಪಕ್ಕದಲ್ಲಿ ಇಲ್ಲದೆ ನಾನು ಇದನ್ನ ಮುಟ್ಟೋ ಹಾಗಿರಲಿಲ್ಲ. ಇನ್ನು ಮೇಲೆ ನಾನು ಪಕ್ಕದಲ್ಲಿ ಇಲ್ಲದೆ ನೀವು ಮುಟ್ಟೋ ಹಾಗಿಲ್ಲ."

"ಹೌದು. ಕಾನೂನು ಹಾಗೇ ಇದೆ."

"ಭಾನುವಾರ ಕ್ವಾರಿಗೆ ಹೋಗ್ತೀನಿ. ಹತ್ತು ಗಂಟೆಗೆ. ಪಿಸ್ತೂಲು ತಗೊಂಡು ಹೋಗಲ್ಲ."

ಅವಳು ಬರುತ್ತೇನೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಆರು ವರ್ಷದಿಂದ ಆ ಕಡೆ ಹೋಗಿಲ್ಲ, ರಸ್ತೆ ಹೇಗಿದೆಯೋ ಎಂದಷ್ಟೇ ಹೇಳಿ, ಫಾರಂಗಳನ್ನು ಜೋಡಿಸಿ ಕಡತಕ್ಕೆ ಹಾಕಿದಳು.

ಭಾನುವಾರ ಬೆಳಿಗ್ಗೆ ನೆಲದ ಮೇಲೆ ತೆಳುವಾಗಿ ಮಂಜು ಹೆಪ್ಪುಗಟ್ಟಿತ್ತು. ಆರಿನ್ ಒಂಬತ್ತೂವರೆಗೇ ಕ್ವಾರಿ ಸೇರಿ, ಎರಡು ಕಂಬ ನೆಟ್ಟು ಉಕ್ಕಿನ ತಟ್ಟೆ ನೇತುಹಾಕಿದ. ಎರಡು ಮಡಚು ಕುರ್ಚಿ ಬಿಡಿಸಿಟ್ಟ. ಫ್ಲಾಸ್ಕಿನಲ್ಲಿ ಕಾಫಿ ಇತ್ತು, ಕೋಟಿನ ಜೇಬಿನಲ್ಲಿ ಸೈಲೆನ್ಸರ್, ಇನ್ನೊಂದರಲ್ಲಿ ಐವತ್ತು ತೋಟಾಗಳ ಪೆಟ್ಟಿಗೆ. ಅದನ್ನೆಲ್ಲ ಹಾಕಿ ಹೊಡೆಯಲು ಪಿಸ್ತೂಲೊಂದೇ ಇರಲಿಲ್ಲ. ಯಾರಾದರೂ ನೋಡಿದ್ದರೆ ಇವನು ಇಲ್ಲಿಗೆ ಏಕೆ ಬಂದ ಎಂದು ಕೇಳುತ್ತಿದ್ದರು.

ಹತ್ತಾಯಿತು. ಹತ್ತೂಕಾಲಾಯಿತು. ಅವನು ಕಾಫಿ ಮುಚ್ಚಳ ತೆಗೆಯಲಿಲ್ಲ. ಸೈಲೆನ್ಸರನ್ನು ಜೇಬಿನಿಂದ ತೆಗೆದು ಒಂದು ಕಣ್ಣಿನಿಂದ ಅದರ ಮೂಲಕ ಆಕಾಶ ನೋಡಿ, ಮತ್ತೆ ಒಳಗಿಟ್ಟ. ಹತ್ತೂವರೆಯ ಹೊತ್ತಿಗೆ ಕಿವಿಯೊಳಗಿನ ಗುಂಯ್ ಶಬ್ದದೊಳಗೆ ಇನ್ನೊಂದು ಶಬ್ದ ಸೇರಿದಂತಾಯಿತು. ಅದನ್ನು ಅವನು ನಂಬಲಿಲ್ಲ. ಮುಖ ತಿರುಗಿಸಿ ಎಡಗಿವಿಯನ್ನು ರಸ್ತೆಯ ಕಡೆ ಹಿಡಿದ. ಜಲ್ಲಿಯ ಮೇಲೆ ಚಕ್ರ ಉರುಳುವ ಸದ್ದು. ತಿರುವಿನಲ್ಲಿ ಧೂಳೆದ್ದಿತು. ಅದರೊಳಗಿಂದ ಅಂಗಡಿಯ ಹಸಿರು ಟ್ರಕ್ಕು ಹೊಂಡಗಳನ್ನು ತಪ್ಪಿಸುತ್ತ ನಿಧಾನವಾಗಿ ಬರುತ್ತಿತ್ತು.

ಆರಿನ್ ಎದ್ದು, ಬಲಗಡೆ ಇಟ್ಟಿದ್ದ ಖಾಲಿ ಕುರ್ಚಿಯನ್ನು ಎತ್ತಿ ತನ್ನ ಎಡಗಡೆಗೆ ಹಾಕಿದ.